ಹಾರಿಸಿ ಅಂತ ಸಹಿ ಬಿದ್ದದ್ದು ಹೇಗೆ? ಚಾಲೆಂಜರ್ ಮುಂದಿಟ್ಟುಕೊಂಡು ತೀರ್ಮಾನದ ದೋಷ ಹುಡುಕುವ ಕೈಪಿಡಿ

ಯಂತ್ರ ಕೆಟ್ಟರೆ ಬಿಚ್ಚಿ ನೋಡಬಹುದು. ತೀರ್ಮಾನವೇ ಕೆಟ್ಟಿದ್ದರೆ ಏನನ್ನು ಬಿಚ್ಚೋದು? ಕಲಬುರಗಿಯಲ್ಲಿ ಕಾರ್ಖಾನೆ ಸುರಕ್ಷತೆಯ ತರಬೇತಿ ಕೊಡುವಾಗ ನನಗೆ ಜಾಸ್ತಿ ಎದುರಾಗುವ ಪ್ರಶ್ನೆ ಇದು. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯವರು ಬರುತ್ತಾರೆ. ನಮ್ಮೂರ ದಾಲ್ ಮಿಲ್ಲಿನವರು, ಹುಮನಾಬಾದ್ ಮತ್ತು ಕಡೇಚೂರಿನ ಕೆಮಿಕಲ್ ಘಟಕದವರು ಬರುತ್ತಾರೆ. ಅಪಘಾತವಾದ ಮೇಲೆ ಎಲ್ಲರ ಕೈಯಲ್ಲೂ ಮುರಿದ ಭಾಗದ ಫೋಟೋ ಇರುತ್ತದೆ. "ಬೆಲ್ಟ್ ಕಟ್ ಆಯ್ತು", "ಸೀಲ್ ಹೋಯ್ತು" ಅಂತ ವರದಿ ಮುಗಿಯುತ್ತದೆ. ಆ ಸೀಲ್ ಹೋಗಬಹುದು ಅಂತ ಗೊತ್ತಿದ್ದೂ ಚಾಲೂ ಮಾಡಿ ಅಂದವರು ಯಾರು, ಯಾವ ಲೆಕ್ಕದ ಮೇಲೆ ಅಂದರು ಅನ್ನೋದು ವರದಿಯಲ್ಲಿ ಇರೋದೇ ಇಲ್ಲ.

ಅದನ್ನು ಹುಡುಕೋದು ಕಲಿಯಲು ಅಮೆರಿಕದ ಬಾಹ್ಯಾಕಾಶ ವಾಹನ (ಷಟಲ್) ಚಾಲೆಂಜರ್‌ಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. 1986ರ ಜನವರಿ 28, ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರ. ಬೆಳಗ್ಗೆ 11:38ಕ್ಕೆ ಮೇಲೆದ್ದ ಷಟಲ್ 73ನೇ ಸೆಕೆಂಡಿಗೆ ಛಿದ್ರವಾಯಿತು. ಒಳಗಿದ್ದ ಏಳೂ ಜನ ಹೋದರು. ಅವರಲ್ಲಿ ಕ್ರಿಸ್ಟಾ ಮೆಕಾಲಿಫ್ ಅನ್ನುವ ಶಾಲಾ ಶಿಕ್ಷಕಿ ಕೂಡ ಇದ್ದರು. ಷಟಲನ್ನು ಮೇಲಕ್ಕೆ ನೂಕಲು ಪಕ್ಕದಲ್ಲಿ ಎರಡು ರಾಕೆಟ್, ಅಂದರೆ ಬೂಸ್ಟರ್, ಇರುತ್ತಿದ್ದವು. ಮುರಿದದ್ದು ಬಲಗಡೆಯ ಬೂಸ್ಟರ್‌ನ ಕೆಳಗಿನ ಜಾಯಿಂಟ್. ಅಧ್ಯಕ್ಷ ರೇಗನ್ ನೇಮಿಸಿದ ರೋಜರ್ಸ್ ಆಯೋಗ ಅಷ್ಟಕ್ಕೆ ನಿಲ್ಲಲಿಲ್ಲ. ಹಿಂದಿನ ರಾತ್ರಿ ಯಾರು ಏನು ಹೇಳಿದರು ಅಂತ ಒಬ್ಬೊಬ್ಬರನ್ನೇ ಕರೆದು ಕೇಳಿತು. ಆ ವರದಿ 1986ರ ಜೂನ್‌ನಲ್ಲಿ ಬಂತು. ಈಗ ಯಾರು ಬೇಕಾದರೂ ದುಡ್ಡಿಲ್ಲದೆ ಓದಬಹುದು.

ಮುಂದೆ ಹೋಗುವ ಮುಂಚೆ ಜಾಯಿಂಟ್ ಬಗ್ಗೆ ಇಷ್ಟು ಗೊತ್ತಿದ್ದರೆ ಸಾಕು. ಬೂಸ್ಟರ್ ಒಂದೇ ತುಂಡಲ್ಲ. ಯೂಟಾದಲ್ಲಿ ತಯಾರಾದ ತುಂಡುಗಳನ್ನು ರೈಲಿನಲ್ಲಿ ತಂದು ಫ್ಲಾರಿಡಾದಲ್ಲಿ ಒಂದರ ಮೇಲೊಂದು ಕೂರಿಸುತ್ತಿದ್ದರು. ಪ್ರತಿ ಜಾಯಿಂಟ್‌ನಲ್ಲೂ ಎರಡು ಓ-ರಿಂಗ್, ಅಂದರೆ ಸಂದು ಮುಚ್ಚುವ ರಬ್ಬರ್ ಬಳೆ. ದಪ್ಪ ಸುಮಾರು 7 ಮಿಲಿಮೀಟರ್, ಸುತ್ತಳತೆ 11 ಮೀಟರಿಗಿಂತ ಜಾಸ್ತಿ. ಬೆಂಕಿ ಹೊತ್ತಿದ ತಕ್ಷಣ ಒಳಗಿನ ಒತ್ತಡಕ್ಕೆ ಗೋಡೆ ಉಬ್ಬುತ್ತದೆ. ಸುಮಾರು 0.6 ಸೆಕೆಂಡಿನಲ್ಲಿ ಜಾಯಿಂಟ್ ಕೂದಲೆಳೆಯಷ್ಟು ಬಾಯಿ ಬಿಡುತ್ತದೆ. ಅಷ್ಟರೊಳಗೆ ರಬ್ಬರ್ ಪುಟಿದು ಆ ಸಂದು ಮುಚ್ಚಬೇಕು. ಚಳಿಯಲ್ಲಿ ರಬ್ಬರ್ ಪುಟಿಯೋದು ನಿಧಾನ.

ಶುರು ಮಾಡುವ ಮುಂಚೆ ಎಚ್ಚರಿಕೆ

ನಿಮ್ಮ ಕಾರ್ಖಾನೆಯಲ್ಲೇ ಆದ ಅಪಘಾತ ಆಗಿದ್ದರೆ ಕಾಗದಕ್ಕಿಂತ ಜೀವ ಮೊದಲು. ಗಾಯಾಳುಗಳು ಆಸ್ಪತ್ರೆ ಸೇರಿ, ಕರೆಂಟು, ಉಗಿ, ಗಾಳಿ ಒತ್ತಡ ಎಲ್ಲ ಬಂದ್ ಆಗಿ, ಲಾಕ್ ಬಿದ್ದ ಮೇಲೆಯೇ ಉಳಿದದ್ದು. ಆಮೇಲೆ ಅವತ್ತೇ ಲಾಗ್‌ಬುಕ್, ವರ್ಕ್ ಪರ್ಮಿಟ್, ವಾಟ್ಸಾಪ್ ಮೆಸೇಜು ಎಲ್ಲದರ ಪ್ರತಿ ತೆಗೆದಿಡಿ. ಎರಡು ದಿನ ಬಿಟ್ಟರೆ ಪುಟಗಳು ತಿದ್ದಿಕೊಂಡು ಬಿಡುತ್ತವೆ.

ಇನ್ನೊಂದು ಮಾತು. ಮೊದಲ ದಿನವೇ "ಯಾರ ತಪ್ಪು" ಅಂತ ಕೇಳಬೇಡಿ. ಕೇಳಿದರೆ ಎಲ್ಲರ ಬಾಯಿ ಮುಚ್ಚುತ್ತದೆ. ಅವತ್ತು ಅವರಿಗೆ ಏನು ಗೊತ್ತಿತ್ತು ಅಂತ ಕೇಳಿ. ಇವತ್ತು ನಮಗೆ ಗೊತ್ತಿರುವುದನ್ನು ಆ ರಾತ್ರಿಯ ತಲೆಗೆ ಕಟ್ಟೋದು ಅನ್ಯಾಯ. ತನಿಖೆಯೂ ದಾರಿ ತಪ್ಪುತ್ತದೆ.

ಲಕ್ಷಣ: "ಹೋದ ಸಲಾನೂ ಹಿಂಗೇ ಇತ್ತು, ಏನೂ ಆಗಲಿಲ್ಲ"

ಎಲ್ಲಕ್ಕಿಂತ ಸುಲಭದ ತಪಾಸಣೆ ಇದು. ಖರ್ಚು ಇಲ್ಲ, ಹಳೇ ದಾಖಲೆ ತಿರುವಿ ಹಾಕುವ ತಾಳ್ಮೆ ಬೇಕು ಅಷ್ಟೇ.

ನಮ್ಮ ಕಡೆ ಇದರ ಇನ್ನೊಂದು ರೂಪ "ನಡೀತದ ಬಿಡ್ರಿ". ಈ ಮಾತು ಕಿವಿಗೆ ಬಿದ್ದ ಕೂಡಲೇ ಒಂದು ಹಾಳೆ ತಗೊಂಡು ಮಧ್ಯೆ ಗೆರೆ ಎಳೆಯಿರಿ. ಎಡಗಡೆ, ಡ್ರಾಯಿಂಗ್ ಅಥವಾ ತಯಾರಕರ ಪುಸ್ತಕ ಮೂಲದಲ್ಲಿ ಏನು ಹೇಳಿತ್ತು ಅಂತ ಬರೆಯಿರಿ. ಬಲಗಡೆ, ಆಮೇಲೆ ಯಾವ ತಾರೀಖಿಗೆ ಏನನ್ನು "ಪರವಾಗಿಲ್ಲ" ಅಂದರು ಅಂತ ಒಂದರ ಕೆಳಗೊಂದು ಬರೆಯಿರಿ.

ಚಾಲೆಂಜರ್‌ನ ಹಾಳೆಯಲ್ಲಿ ಎಡಗಡೆ ಒಂದೇ ಸಾಲು: ಓ-ರಿಂಗಿಗೆ ಬಿಸಿ ಅನಿಲ ತಾಗಲೇಬಾರದು. ಬಲಗಡೆ ನೋಡಿ. 1977ರ ಪರೀಕ್ಷೆಯಲ್ಲಿ, ಒತ್ತಡ ಬಿದ್ದಾಗ ಬಿಗಿಯಾಗಬೇಕಿದ್ದ ಜಾಯಿಂಟ್ ಬಾಯಿ ಬಿಡೋದು ಕಂಡಿತು. 1981ರ ನವೆಂಬರ್‌ನಲ್ಲಿ, ಎರಡನೇ ಹಾರಾಟದಲ್ಲೇ, ರಿಂಗ್ ಸುಟ್ಟು ಸವೆದಿತ್ತು. 1982ರ ಡಿಸೆಂಬರ್‌ನಲ್ಲಿ ಎರಡನೇ ರಿಂಗನ್ನು ನೆಚ್ಚಿಕೊಳ್ಳುವ ಹಾಗಿಲ್ಲ ಅಂತ ಒಪ್ಪಿಕೊಂಡು, ಈ ಜಾಯಿಂಟನ್ನು "ಇದು ಹೋದರೆ ವಾಹನವೂ ಜನವೂ ಹೋದಂತೆ" ಅನ್ನುವ ವರ್ಗಕ್ಕೆ ಹಾಕಿದರು. ಹಾರಾಟ ನಿಲ್ಲಲಿಲ್ಲ. 1985ರ ಜನವರಿಯಲ್ಲಿ ಬಿಸಿ ಅನಿಲ ಮೊದಲ ರಿಂಗ್ ದಾಟಿ ಮಸಿ ಬಿಟ್ಟಿತ್ತು. ಅದೇ ಏಪ್ರಿಲ್‌ನಲ್ಲಿ ಬೆಂಕಿ ಹೊರಬರುವ ನಳಿಕೆಯ ಕಡೆಯ ಜಾಯಿಂಟ್‌ನಲ್ಲಿ ಮೊದಲ ರಿಂಗ್ ಸುಟ್ಟು ಸಂದು ಮುಚ್ಚಲೇ ಇಲ್ಲ, ಎರಡನೆಯದೂ ಸವೆದಿತ್ತು. ಹೊತ್ತು ಹೋದಂತೆ "ತಾಗಲೇಬಾರದು" ಅನ್ನೋದು ಹೋಗಿ "ಇಷ್ಟು ಸವೆದರೆ ನಡೆಯುತ್ತೆ" ಅನ್ನೋದು ನಿಯಮವಾಗಿತ್ತು.

ಆಯೋಗದಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಇಲ್ಲಿ ಒಂದು ವಿಷಯ ಹಿಡಿದರು. ರಿಂಗಿನ ತ್ರಿಜ್ಯದ ಮೂರನೇ ಒಂದು ಭಾಗದವರೆಗೆ ಸವೆದಿದ್ದಕ್ಕೆ, "ಇನ್ನೂ ಮೂರು ಪಟ್ಟು ಸುರಕ್ಷತೆ ಇದೆ" ಅಂತ ಲೆಕ್ಕ ಹಾಕಿದ್ದರು. ಸವೆಯಲೇಬಾರದ ವಸ್ತು ಸವೆದರೆ ಅದು ದೋಷದ ಗುರುತು, ಅಲ್ಲಿ ಸುರಕ್ಷತೆಯ ಮಾತೇ ಬರೋದಿಲ್ಲ ಅಂತ ಅವರು ಬರೆದರು. ನಮ್ಮಲ್ಲೂ ಈ ಲೆಕ್ಕ ದಿನಾ ನಡೆಯುತ್ತದೆ. "ಬಿರುಕು ಅರ್ಧಕ್ಕೆ ಬಂದಿಲ್ಲ, ಇನ್ನೂ ಅರ್ಧ ಐತಿ" ಅನ್ನುತ್ತಾರೆ. ಆ ಬಿರುಕು ಯಾಕೆ ಬಂತು ಅಂತ ಯಾರೂ ಕೇಳೋದಿಲ್ಲ.

ಬಲಗಡೆಯ ಸಾಲುಗಳು ಒಂದೇ ದಿಕ್ಕಿಗೆ ಜಾರುತ್ತಿದ್ದರೆ, ಪ್ರತಿ ಸಾಲೂ ಹಿಂದಿನದಕ್ಕಿಂತ ಸಡಿಲ ಆಗುತ್ತಿದ್ದರೆ, ದೋಷ ಸಿಕ್ಕಿತು ಅಂತ ಅರ್ಥ. ಆದರೂ ಮುಂದಿನದನ್ನು ನೋಡಿ.

ಲಕ್ಷಣ: ಒಂದೇ ವಿನಾಯಿತಿಗೆ ಮತ್ತೆ ಮತ್ತೆ ಸಹಿ

ನಳಿಕೆಯ ರಿಂಗ್ ಸುಟ್ಟ ಮೇಲೆ, 1985ರ ಜುಲೈನಲ್ಲಿ, ಈ ತೊಂದರೆ ಬಗೆಹರಿಯುವ ತನಕ ಹಾರಿಸಬಾರದು ಅನ್ನುವ ತಡೆ ಹಾಕಿದ್ದರು. ತಡೆ ಹಾಕಿದ ಕಡೆಯಿಂದಲೇ ಪ್ರತಿ ಹಾರಾಟಕ್ಕೂ ಅದನ್ನು ಸಡಿಲಿಸುತ್ತಾ ಬಂದರು. ಚಾಲೆಂಜರ್‌ಗಿಂತ ಮುಂಚೆ ಸತತ ಆರು ಸಲ. ಬೂಸ್ಟರ್ ತಯಾರಿಸಿದ ಕಂಪನಿಯವರಿಗೇ ಇಂಥ ತಡೆ ಇದೆ ಅಂತ ಸರಿಯಾಗಿ ಗೊತ್ತಿರಲಿಲ್ಲ.

ಮಾಡಬೇಕಾದ್ದು ಇಷ್ಟೇ: ವಿನಾಯಿತಿಗಳನ್ನು ಎಣಿಸಿ. ಕನ್ವೇಯರ್‌ನ ಪುಲ್ ಕಾರ್ಡ್ (ಹಗ್ಗ ಎಳೆದರೆ ಬೆಲ್ಟ್ ನಿಲ್ಲಿಸುವ) ಸ್ವಿಚ್‌ಗೆ ಜಂಪರ್ ಹಾಕಿ, ಅಂದರೆ ತುಂಡು ವೈರಿನಿಂದ ಸ್ವಿಚ್ ತಪ್ಪಿಸಿ, ಬೆಲ್ಟ್ ಓಡಿಸೋದು ನಮ್ಮ ಕಡೆ ಹೊಸದಲ್ಲ. ಒಂದು ಸಲ, ಎರಡು ತಾಸಿಗೆ, ಬರೆದುಕೊಟ್ಟು ಹಾಕಿದರೆ ಅದು ವಿನಾಯಿತಿ. ಅದೇ ಜಂಪರ್ ಮೂರನೇ ಶಿಫ್ಟಿನ ಪುಸ್ತಕದಲ್ಲೂ ಕಂಡರೆ, ಆ ಸ್ವಿಚ್ ಇಲ್ಲದೇ ಓಡಿಸೋದು ಅಂತ ಕಾರ್ಖಾನೆ ಒಳಗೊಳಗೇ ತೀರ್ಮಾನ ಮಾಡಿಯಾಗಿದೆ. ಅಲ್ಲಿಗೆ ತನಿಖೆ ನಿಲ್ಲಿಸಿ, ಮೊದಲು ಬೆಲ್ಟ್ ನಿಲ್ಲಿಸಿ. ಹುಡುಕಾಟ ಆಮೇಲೆ ಮಾಡಬಹುದು.

ಲಕ್ಷಣ: "ಚೆಕ್ ಮಾಡಿದ್ದೇವೆ ಅಲ್ವಾ?"

ಚಿಕ್ಕ ತಪಾಸಣೆ, ಆದರೆ ಬಿಡಬೇಡಿ. ಜಾಯಿಂಟ್ ಕೂರಿಸಿದ ಮೇಲೆ ಗಾಳಿ ತುಂಬಿ ಸೋರಿಕೆ ನೋಡುತ್ತಿದ್ದರು. ಮೊದಲು 50 ಪೌಂಡ್ ಒತ್ತಡ, ಆಮೇಲೆ 100, ಆಮೇಲೆ 200. ಒತ್ತಡ ಏರಿಸಿದಂತೆ ರಿಂಗಿನ ಮುಂದೆ ಮೆತ್ತಿದ್ದ ಪುಟ್ಟಿಯಲ್ಲಿ ಗಾಳಿಗುಳ್ಳೆ ತೂತು ಬೀಳತೊಡಗಿತು. ಹಾರುವಾಗ ಬಿಸಿ ಅನಿಲ ಅದೇ ತೂತಿನಿಂದ ನೇರ ರಿಂಗಿಗೆ ಬಡಿಯುತ್ತಿತ್ತು. 200 ಪೌಂಡಿಗೆ ಏರಿಸಿದ ಮೇಲೆ ರಿಂಗ್ ಹಾಳಾದ ಹಾರಾಟಗಳು ಜಾಸ್ತಿಯಾದವು. ತಪಾಸಣೆ ಯಾವಾಗ ಬದಲಾಯಿತು, ತೊಂದರೆ ಯಾವಾಗ ಹೆಚ್ಚಾಯಿತು, ಈ ಎರಡು ತಾರೀಖುಗಳನ್ನು ಅಕ್ಕಪಕ್ಕ ಇಟ್ಟು ನೋಡಿ.

ಲಕ್ಷಣ: ಅಂಕಿಅಂಶ ನೋಡಿದರೆ ಏನೂ ಗೊತ್ತಾಗುತ್ತಿಲ್ಲ

ಒಂದು ಗ್ರಾಫ್ ಹಾಳೆ, ಪೆನ್ಸಿಲ್ ಸಾಕು. ತರಬೇತಿಯಲ್ಲಿ ನಾನು ಹೆಚ್ಚು ಹೊತ್ತು ಕಳೆಯೋದು ಇಲ್ಲೇ. ನೀವೂ ಕೈಯಾರೆ ಮಾಡಿ, ಸುಮ್ನೆ ಓದಿ ಬಿಡಬೇಡಿ.

ಅಡ್ಡಗೆರೆಯ ಮೇಲೆ ಉಷ್ಣಾಂಶ ಬರೆಯಿರಿ. ಚಾಲೆಂಜರ್‌ಗಿಂತ ಮುಂಚೆ ಬೂಸ್ಟರ್ ತುಂಡುಗಳ ನಡುವಿನ ಜಾಯಿಂಟ್‌ನಲ್ಲಿ ರಿಂಗ್‌ಗೆ ಪೆಟ್ಟು ಬಿದ್ದದ್ದು ಏಳು ಹಾರಾಟಗಳಲ್ಲಿ. ಜಾಯಿಂಟ್‌ನ ಉಷ್ಣಾಂಶ ಸೆಲ್ಸಿಯಸ್‌ನಲ್ಲಿ ಸುಮಾರು 12, 14, 14, 17, 21, 21, 24. ಈ ಏಳು ಚುಕ್ಕೆ ಇಡಿ. ಏನು ಕಾಣುತ್ತೆ? ಚಳಿಯಲ್ಲೂ ಪೆಟ್ಟು, ಬೆಚ್ಚಗಿದ್ದಾಗಲೂ ಪೆಟ್ಟು. ಚಳಿಗೂ ಇದಕ್ಕೂ ಸಂಬಂಧ ಇಲ್ಲ ಅಂತಲೇ ಅನಿಸುತ್ತದೆ. ಹಾರಿಸುವ ಹಿಂದಿನ ರಾತ್ರಿಯ ಸಭೆಯಲ್ಲೂ 24 ಡಿಗ್ರಿಯ ಹಾರಾಟವನ್ನು ಎದುರಿಗಿಟ್ಟು, "ಬಿಸಿಲಲ್ಲೂ ಸೋರಿದೆಯಲ್ಲ" ಅನ್ನುವ ವಾದ ಬಂತು.

ಈಗ ಪೆಟ್ಟೇ ಬೀಳದ ಹಾರಾಟಗಳ ಚುಕ್ಕೆಗಳನ್ನೂ ತಳದ ಗೆರೆಯ ಮೇಲೆ ಇಡಿ. ಅವೆಲ್ಲ 19 ಡಿಗ್ರಿ ಅಥವಾ ಅದಕ್ಕಿಂತ ಮೇಲೇ ಬೀಳುತ್ತವೆ. ಆಯೋಗದ ಲೆಕ್ಕ ಹೀಗಿದೆ: 19 ಡಿಗ್ರಿ ಮತ್ತು ಅದಕ್ಕಿಂತ ಬೆಚ್ಚಗಿದ್ದ 20 ಹಾರಾಟಗಳಲ್ಲಿ ಪೆಟ್ಟು ಬಿದ್ದದ್ದು 3ಕ್ಕೆ. 17 ಡಿಗ್ರಿ ಮತ್ತು ಅದಕ್ಕಿಂತ ತಣ್ಣಗಿದ್ದದ್ದು 4 ಹಾರಾಟ. ನಾಲ್ಕಕ್ಕೆ ನಾಲ್ಕೂ ಪೆಟ್ಟು ತಿಂದಿವೆ. ಈಗ ಹಾಳೆಯ ಎಡಗಡೆ ದೂರಕ್ಕೆ ಹೋಗಿ ಇನ್ನೊಂದು ಗುರುತು ಹಾಕಿ. ಜನವರಿ 28ರ ಬೆಳಗ್ಗೆ ಆ ಜಾಯಿಂಟ್‌ನ ಅಂದಾಜು ಉಷ್ಣಾಂಶ ಸೊನ್ನೆಗಿಂತ 2 ಡಿಗ್ರಿ ಕೆಳಗೆ. ಅಲ್ಲಿಗೂ ಉಳಿದ ಚುಕ್ಕೆಗಳಿಗೂ ನಡುವೆ ಎಷ್ಟು ಖಾಲಿ ಜಾಗ ಇದೆ ನೋಡಿ. ಇಲ್ಲಿಗೆ ಬಂದಾಗ ನಮ್ಮ ತರಬೇತಿ ಕೋಣೆಯಲ್ಲಿ ಯಾರೂ ಮಾತಾಡೋದಿಲ್ಲ.

ಈ ಎಲ್ಲ ಅಂಕಿ ಆ ರಾತ್ರಿಗೂ ಮುಂಚೆ ಕಡತಗಳಲ್ಲಿ ಇದ್ದವು. ಯಾರೂ ಬಚ್ಚಿಟ್ಟಿರಲಿಲ್ಲ. ಕೆಟ್ಟದ್ದನ್ನು ಮಾತ್ರ ನೋಡುವ ಅಭ್ಯಾಸದಿಂದ ಒಳ್ಳೆಯದು ಮೇಜಿಗೆ ಬರಲಿಲ್ಲ, ಅಷ್ಟೇ. ನಿಮ್ಮ ಮಿಲ್ಲಿನಲ್ಲಿ ಎಲಿವೇಟರ್ ಬೇರಿಂಗ್ ಹೋದ ದಿನಗಳ ಪಟ್ಟಿ ಇರುತ್ತದೆ. ಹೋಗದೇ ಇದ್ದ ದಿನಗಳ ಲೋಡ್, ಬಿಸಿ, ಗ್ರೀಸ್ ಹಾಕಿದ ತಾರೀಖು? ಅದನ್ನೂ ತರಿಸಿ. ಎರಡೂ ಸೇರಿದರೇ ಚಿತ್ರ.

ಒಂದು ವಿಷಯ ಎಂಜಿನಿಯರುಗಳ ಪರವಾಗಿ ಹೇಳಲೇಬೇಕು. ಚುಕ್ಕೆಗಳಲ್ಲಿ ಸಿಗದ ಸಾಕ್ಷಿ ಅವರ ಕಣ್ಣಲ್ಲಿತ್ತು. 12 ಡಿಗ್ರಿಯ ಹಾರಾಟದಿಂದ ಬಂದ ಜಾಯಿಂಟ್ ಬಿಚ್ಚಿದಾಗ ರಿಂಗುಗಳ ನಡುವಿನ ಗ್ರೀಸ್ ಕಡುಗಪ್ಪಾಗಿತ್ತು. 24 ಡಿಗ್ರಿಯದರಲ್ಲಿ ಅದು ಬೂದು ಬಣ್ಣ. ಬೂಸ್ಟರ್ ತಯಾರಿಸಿದ ಕಂಪನಿಯ ಎಂಜಿನಿಯರ್ ರೋಜರ್ ಬೋಜೊಲೆ ಈ ಬಣ್ಣದ ವ್ಯತ್ಯಾಸವನ್ನೇ ಹಿಡಿದು ವಾದ ಮಾಡಿದರು. ಫೋಟೋ ಮುಂದಿಟ್ಟರು. ಕೈಯಲ್ಲಿ ಹಿಡಿದು ನೋಡಿದವರ ಮಾತನ್ನು "ಅಂಕಿ ಕೊಡಿ" ಅಂತ ತಳ್ಳಿಹಾಕಿದ್ದು ನಿಮಗೆ ಎಲ್ಲಾದರೂ ಕಂಡರೆ ಗುರುತು ಹಾಕಿಕೊಳ್ಳಿ.

ಲಕ್ಷಣ: "ಅಪಾಯ ಅಂತ ಸಾಬೀತು ಮಾಡಿ ತೋರಿಸಿ"

ನನ್ನ ಪ್ರಕಾರ ಚಾಲೆಂಜರ್ ಬಿದ್ದದ್ದು ಇಲ್ಲಿ. ಉಳಿದ ಲಕ್ಷಣಗಳೆಲ್ಲ ಇದಕ್ಕೆ ದಾರಿ ಮಾಡಿಕೊಟ್ಟವು.

ಇದರ ತಪಾಸಣೆಗೆ ಸಭೆಯಲ್ಲಿ ಯಾರು ಯಾರಿಗೆ ಏನು ಕೇಳಿದರು ಅನ್ನೋದು ಬೇಕು. ಕುಳಿತಿದ್ದ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸಿ. ಆಮೇಲೆ ಒಂದೇ ಪ್ರಶ್ನೆ: "ಚಾಲೂ ಮಾಡೋಣ" ಅಂದವರು ಪುರಾವೆ ಕೊಟ್ಟರಾ, ಇಲ್ಲಾ "ಬೇಡ" ಅಂದವರು ಕೊಡಬೇಕಾಯಿತಾ?

ಜನವರಿ 27ರ ರಾತ್ರಿ, ಫ್ಲಾರಿಡಾ ಗಡಿಯಾರದಲ್ಲಿ 8:45. ಫೋನಿನಲ್ಲಿ ಮೂರು ಕಡೆಯ ಜನ: ಯೂಟಾದಲ್ಲಿ ಬೂಸ್ಟರ್ ತಯಾರಿಸಿದ ಮಾರ್ಟನ್ ಥಯೋಕಾಲ್ ಕಂಪನಿ, ಅಲಬಾಮಾದಲ್ಲಿ ನಾಸಾದ ಮಾರ್ಷಲ್ ಕೇಂದ್ರ, ಫ್ಲಾರಿಡಾದಲ್ಲಿ ಕೆನಡಿ ಕೇಂದ್ರ. ಬೆಳಗಿನ ಜಾವ ಸೊನ್ನೆಗಿಂತ ಎಷ್ಟೋ ಕೆಳಗೆ ಇಳಿಯುತ್ತದೆ ಅಂತ ಮುನ್ಸೂಚನೆ ಇತ್ತು. ಥಯೋಕಾಲ್ ಎಂಜಿನಿಯರುಗಳು ನೇರವಾಗಿ ಹೇಳಿದರು: ಈವರೆಗಿನ ಅತಿ ತಣ್ಣನೆಯ ಹಾರಾಟ 12 ಡಿಗ್ರಿಯದು, ಅದಕ್ಕಿಂತ ಕೆಳಗೆ ಹಾರಿಸಬೇಡಿ.

ಮಾರ್ಷಲ್ ಕಡೆಯ ಬೂಸ್ಟರ್ ಮುಖ್ಯಸ್ಥ ಲಾರೆನ್ಸ್ ಮುಲೋಯ್ ಕೇಳಿದ್ದು, ಹಾಗಾದರೆ ನಾನು ಯಾವಾಗ ಹಾರಿಸಲಿ, ಮುಂದಿನ ಏಪ್ರಿಲ್‌ಗಾ ಅಂತ. ಅದೇ ಕೇಂದ್ರದ ಜಾರ್ಜ್ ಹಾರ್ಡಿ ಈ ಶಿಫಾರಸು ಕೇಳಿ ದಂಗಾದೆ ಅಂದರು. ಆದರೆ ಕಂಪನಿ ಬೇಡ ಅಂದರೆ ತಾನು ಹಾರಿಸುವುದಿಲ್ಲ ಅಂತಲೂ ಹೇಳಿದರು. ಆಗ ಯೂಟಾದವರು ನಮ್ಮೊಳಗೆ ಮಾತಾಡಿಕೊಳ್ಳಲು ಐದು ನಿಮಿಷ ಕೊಡಿ ಅಂತ ಕೇಳಿ ಫೋನ್ ಮ್ಯೂಟ್ ಮಾಡಿದರು. ಐದು ನಿಮಿಷ ಅರ್ಧ ತಾಸಾಯಿತು.

ಆ ಅರ್ಧ ತಾಸಿನಲ್ಲಿ ಆದದ್ದು ಸಾಕ್ಷಿ ಹೇಳಿಕೆಗಳಿಂದ ಗೊತ್ತಿದೆ. ಎಂಜಿನಿಯರುಗಳಾದ ಬೋಜೊಲೆ ಮತ್ತು ಆರ್ನಿ ಥಾಂಪ್ಸನ್ ಎದ್ದು ಮೇಜಿನ ಹತ್ತಿರ ಹೋದರು. ಥಾಂಪ್ಸನ್ ಕಾಗದದ ಮೇಲೆ ಜಾಯಿಂಟ್ ಬಿಡಿಸಿ ತೋರಿಸಿದರು, ಬೋಜೊಲೆ ಫೋಟೋ ತೋರಿಸಿದರು. ಯಾರೂ ಕೇಳುವ ಹಾಗೆ ಕಾಣಲಿಲ್ಲ, ಇಬ್ಬರೂ ಹಿಂದೆ ಸರಿದರು. ಹಿರಿಯ ಅಧಿಕಾರಿ ಜೆರಾಲ್ಡ್ ಮೇಸನ್, ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥ ರಾಬರ್ಟ್ ಲುಂಡ್‌ಗೆ ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜ್‌ಮೆಂಟ್ ಟೋಪಿ ಹಾಕಿಕೋ ಅಂದರು. ಕೊನೆಗೆ ನಾಲ್ಕು ಜನ ಮ್ಯಾನೇಜರುಗಳೇ ತೀರ್ಮಾನ ಮಾಡಿದರು. ಎಂಜಿನಿಯರುಗಳನ್ನು ಕೇಳಲಿಲ್ಲ. ಫೋನಿಗೆ ವಾಪಸ್ ಬಂದು "ಹಾರಿಸಬಹುದು" ಅಂದರು. ಆ ನಾಲ್ವರಲ್ಲಿ ಒಬ್ಬರಾದ ಜೋ ಕಿಲ್ಮಿನ್ಸ್ಟರ್ ಸಹಿ ಮಾಡಿದ ಕಾಗದ ಫ್ಯಾಕ್ಸ್ ಆಗಿ ಹೋಯಿತು.

ಕೆನಡಿ ಕೇಂದ್ರದಲ್ಲಿದ್ದ ಥಯೋಕಾಲ್‌ನವರೇ ಆದ ಅಲನ್ ಮೆಕ್‌ಡೊನಾಲ್ಡ್ ಸಹಿ ಹಾಕಲು ಒಪ್ಪಿರಲಿಲ್ಲ. ಏನಾದರೂ ಆದರೆ ತನಿಖಾ ಮಂಡಳಿ ಮುಂದೆ ನಿಂತು ಇದನ್ನು ವಿವರಿಸುವವನು ನಾನಾಗಲಾರೆ ಅನ್ನುವ ಅರ್ಥದ ಮಾತು ಹೇಳಿದ್ದರು.

ಆಮೇಲೆ ಲುಂಡ್ ಆಯೋಗದ ಮುಂದೆ ಹೇಳಿದ್ದನ್ನು ನಾನು ತರಬೇತಿಯಲ್ಲಿ ಎರಡು ಸಲ ಓದಿಸುತ್ತೇನೆ. ಯಾವಾಗಲೂ ನಾವು ಹಾರಲು ಸಿದ್ಧ ಅಂತ ತೋರಿಸಬೇಕಿತ್ತು. ಆ ರಾತ್ರಿ ಸಿದ್ಧ ಇಲ್ಲ ಅಂತ ಅನುಮಾನವಿಲ್ಲದಂತೆ ತೋರಿಸಿ ಅಂದರು, ಅದು ನಮ್ಮಿಂದ ಆಗಲಿಲ್ಲ ಅನ್ನೋದು ಅದರ ಸಾರ. ಹೇಗೆ ಆದೀತು ಹೇಳಿ? ಅಷ್ಟು ಚಳಿಯಲ್ಲಿ ಯಾವತ್ತೂ ಹಾರಿಸಿಯೇ ಇರಲಿಲ್ಲ. ಅನುಭವವೇ ಇಲ್ಲದ ಕಡೆ ಪುರಾವೆ ಎಲ್ಲಿಂದ ತರೋದು? "ಗೊತ್ತಿಲ್ಲ" ಅನ್ನೋದೇ ನಿಲ್ಲಿಸಲು ಸಾಕಾದ ಕಾರಣ ಆಗಬೇಕಿತ್ತು. ಆ ರಾತ್ರಿ ಅದೇ ಹಾರಿಸಲು ಕಾರಣವಾಯಿತು.

ನಮ್ಮ ಕಾರ್ಖಾನೆಗಳಲ್ಲಿ ಇದು ಹೀಗೆ ಕೇಳಿಸುತ್ತದೆ. ಫಿಟ್ಟರ್ ಹೇಳುತ್ತಾನೆ, "ಸಾಹೇಬ್ರ, ಆವಾಜ್ ಬ್ಯಾರೆ ಬರ್ಲಿಕತ್ತದ, ಒಂದು ಸಲ ಬಂದ್ ಮಾಡಿ ನೋಡೋಣ್ರಿ." ಉತ್ತರ ಬರುತ್ತದೆ, "ಹೋಗೇ ಹೋಗ್ತದ ಅಂತ ಬರ್ದು ಕೊಡ್ತಿಯೇನಪಾ?" ಅವನು ಹೇಗೆ ಬರೆದುಕೊಡಲಿ? ಈ ಮಾತು ದಾಖಲೆಯಲ್ಲಿ ಸಿಕ್ಕರೆ ಅದೇ ನಿಮ್ಮ ವರದಿಯ ಮುಖ್ಯ ಪುಟ. ಸರಿಯಾದ ಪ್ರಶ್ನೆ ಮೇಲಿನವರಿಗೆ ಹೋಗಬೇಕು: "ಇದು ಹೋಗಲ್ಲ ಅಂತ ನೀವು ಬರೆದುಕೊಡುತ್ತೀರಾ?"

ಲಕ್ಷಣ: "ನಮಗೆ ಯಾರೂ ಹೇಳಲೇ ಇಲ್ಲ"

ಇಲ್ಲಿಂದ ಮುಂದೆ ಕೆಲಸ ಕಷ್ಟ. ಹಲವರ ಹತ್ತಿರ ಹೋಗಬೇಕು, ಕೆಲವರು ಸಿಟ್ಟಾಗುತ್ತಾರೆ.

ಕೆಳಗಿನಿಂದ ಮೇಲಿನ ತನಕ ಇರುವ ಎಲ್ಲ ಮೆಟ್ಟಿಲು ಬರೆಯಿರಿ. "ಬೇಡ" ಅನ್ನುವ ಮಾತು ಯಾವ ಮೆಟ್ಟಿಲಿನವರೆಗೆ ಏರಿತು ಅಂತ ಬೆರಳಿಟ್ಟು ನೋಡಿ. ಚಾಲೆಂಜರ್‌ನಲ್ಲಿ ಅದು ಮಾರ್ಷಲ್ ಕೇಂದ್ರದಲ್ಲಿ ನಿಂತಿತು. ಹಾರಿಸುವ ಕೊನೆಯ ಅಧಿಕಾರ ಇದ್ದ ಜೆಸ್ಸಿ ಮೂರ್ ಮತ್ತು ಅವರ ಕೆಳಗಿನ ಆರ್ನಲ್ಡ್ ಆಲ್ಡ್ರಿಚ್ ಇಬ್ಬರಿಗೂ ಹಿಂದಿನ ರಾತ್ರಿಯ ಫೋನ್ ಸಭೆಯ ಸುದ್ದಿ ಹೋಗಿರಲಿಲ್ಲ. ಒಳಗೇ ಬಗೆಹರಿದ ವಿಷಯ ಅಂತ ಅಲ್ಲೇ ಮುಗಿಸಿದ್ದರು.

ಮಾತು ಬೇರೆ ರೀತಿಯಲ್ಲೂ ಕಳೆದುಹೋಗುತ್ತದೆ. ಅವತ್ತು ಬೆಳಗ್ಗೆ ಉಡಾವಣಾ ಕಟ್ಟೆಯ ಮೇಲೆ ಹಿಮ ಕಟ್ಟಿತ್ತು. ಹಿಮ ನೋಡಲು ಹೋದ ತಂಡ ಉಷ್ಣಮಾಪಕ ಹಿಡಿದು ಬೂಸ್ಟರ್‌ಗಳನ್ನೂ ಅಳೆದಿತ್ತು. ಎಡಗಡೆಯದು ಸೊನ್ನೆಗಿಂತ ಸುಮಾರು 4 ಡಿಗ್ರಿ ಕೆಳಗೆ, ಬಲಗಡೆಯದರ ಬುಡ ಸುಮಾರು 13 ಡಿಗ್ರಿ ಕೆಳಗೆ. ಈ ಅಂಕಿ ತೀರ್ಮಾನ ಮಾಡುವವರ ಕಿವಿಗೆ ಬೀಳಲಿಲ್ಲ. ಬೂಸ್ಟರ್ ಮೈ ಇಷ್ಟಕ್ಕಿಂತ ತಣ್ಣಗಿರಬಾರದು ಅನ್ನುವ ನಿಯಮ ಇರಲಿಲ್ಲ, ಹಾಗಾಗಿ ಅದನ್ನು ಹೇಳಬೇಕು ಅಂತ ಯಾರಿಗೂ ಅನಿಸಲಿಲ್ಲ. ನಿಮ್ಮ ಚೆಕ್‌ಲಿಸ್ಟ್‌ನಲ್ಲಿ ಖಾನೆ ಇಲ್ಲದ ವಿಷಯವನ್ನು ಯಾರಾದರೂ ನೋಡಿದ್ದರಾ? ಈ ಪ್ರಶ್ನೆಯನ್ನು ಕಾವಲುಗಾರನಿಗೂ ಸಫಾಯಿ ಮಾಡುವ ಅಕ್ಕನಿಗೂ ಕೇಳಿ. ಬಹಳ ಸಲ ಉತ್ತರ ಅಲ್ಲಿಂದಲೇ ಬರುತ್ತದೆ.

ಅರ್ಧಂಬರ್ಧ "ಬೇಡ" ಕೂಡ ಕಳೆದುಹೋಗುತ್ತದೆ. ಷಟಲ್ ತಯಾರಿಸಿದ ರಾಕ್‌ವೆಲ್ ಕಂಪನಿ ಹಿಮದ ಬಗ್ಗೆ, ಹಾರಿಸುವುದು ಸುರಕ್ಷಿತ ಅಂತ ಭರವಸೆ ಕೊಡಲಾರೆವು ಅಂದಿತು. ಕೇಳಿಸಿಕೊಂಡವರು ಅದನ್ನು ತಡೆ ಅಂತ ತಗೊಳ್ಳಲಿಲ್ಲ. ನಮ್ಮ ಜನಕ್ಕೆ ಸಾಹೇಬರ ಎದುರು ಇಲ್ಲ ಅನ್ನೋದು ಕಷ್ಟ. "ನೋಡ್ರಿ ಮತ್ತ, ನಿಮಗ್ ಬಿಟ್ಟಿದ್ದು" ಅನ್ನುತ್ತಾರೆ. ತನಿಖೆ ಮಾಡುವಾಗ ಇಂಥ ಮಾತನ್ನು ಒಪ್ಪಿಗೆ ಅಂತ ಬರೆಯಬೇಡಿ.

ಲಕ್ಷಣ: ತಾರೀಖಿನ ಒತ್ತಡ

ಚಾಲೆಂಜರ್ ಮೊದಲು ಜನವರಿ 22ಕ್ಕೆ ಹಾರಬೇಕಿತ್ತು. ಮುಂದಕ್ಕೆ ಹೋಗುತ್ತಾ ಹೋಗುತ್ತಾ 27ಕ್ಕೆ ಬಂತು. ಅವತ್ತು ಬಾಗಿಲಿನ ಹಿಡಿಕೆಯ ಬೋಲ್ಟ್ ಸಿಕ್ಕಿಕೊಂಡು, ಅದನ್ನು ಬಿಡಿಸುವಷ್ಟರಲ್ಲಿ ಅಡ್ಡಗಾಳಿ ಎದ್ದು ಮತ್ತೆ ನಿಂತಿತು. 1990ರ ಹೊತ್ತಿಗೆ ವರ್ಷಕ್ಕೆ 24 ಹಾರಾಟ ಅನ್ನುವ ಗುರಿ ಬೇರೆ.

ಇಲ್ಲಿ ಹುಷಾರು. ಒತ್ತಡ ಇತ್ತು ಅಂತ ತೋರಿಸೋದು ಸುಲಭ, ಒತ್ತಡ ಹಾಕಿದವರು ಇವರೇ ಅಂತ ಹೆಸರು ಹೇಳೋದು ಬೇರೆ ವಿಷಯ. ಅಧ್ಯಕ್ಷರ ಭಾಷಣಕ್ಕೋಸ್ಕರ ಶ್ವೇತಭವನದಿಂದ ಒತ್ತಡ ಬಂತು ಅಂತ ಆಗ ಸುದ್ದಿ ಹಬ್ಬಿತ್ತು. ಆಯೋಗಕ್ಕೆ ಅದಕ್ಕೆ ಪುರಾವೆ ಸಿಗಲಿಲ್ಲ, ಹಾಗಂತಲೇ ಬರೆದರು. ಚಹಾ ಅಂಗಡಿಯ ಮಾತನ್ನು ನಿಮ್ಮ ವರದಿಗೆ ಸೇರಿಸಬೇಡಿ.

ಲಕ್ಷಣ: ಸುರಕ್ಷತೆ ವಿಭಾಗ ಇದೆ, ಆದರೆ ಸಭೆಯಲ್ಲಿ ಕಾಣಲಿಲ್ಲ

ಹಾಜರಿ ಪಟ್ಟಿ ನೋಡಿ. ಜನವರಿ 27ರ ಫೋನ್ ಸಭೆಗೆ ಸುರಕ್ಷತೆ ವಿಭಾಗದ ಒಬ್ಬರನ್ನೂ ಕರೆದಿರಲಿಲ್ಲ. ಕರೆಯಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಇದರ ಜೊತೆಗೆ ಇನ್ನೊಂದು ಪರೀಕ್ಷೆ: ಅಪಾಯ ಎಷ್ಟು ಅಂತ ಮೇಲಿನವರನ್ನೂ ಕೆಲಸ ಮಾಡುವವರನ್ನೂ ಬೇರೆ ಬೇರೆ ಕೂರಿಸಿ ಕೇಳಿ. ಫೈನ್‌ಮನ್ ಕೇಳಿದಾಗ ನಾಸಾದ ಮ್ಯಾನೇಜರುಗಳು ಲಕ್ಷಕ್ಕೆ ಒಂದು ಅಂದರು, ಎಂಜಿನಿಯರುಗಳು ನೂರಕ್ಕೆ ಒಂದರ ಆಸುಪಾಸು ಅಂದರು. ನಿಮ್ಮಲ್ಲೂ ಉತ್ತರಗಳು ಇಷ್ಟು ದೂರ ನಿಂತರೆ, ನಡುವಿನ ಮೆಟ್ಟಿಲುಗಳಲ್ಲಿ ಸುದ್ದಿ ಸಾಯುತ್ತಿದೆ.

ಇನ್ನೂ ನಂಬಿಕೆ ಬರದಿದ್ದರೆ: ಕೈಯಾರೆ ಪರೀಕ್ಷೆ

ಫೆಬ್ರವರಿ 11ರಂದು, ಎಲ್ಲರ ಎದುರು, ಫೈನ್‌ಮನ್ ರಿಂಗಿನ ತುಂಡೊಂದನ್ನು ಸಿ-ಕ್ಲ್ಯಾಂಪಿನಲ್ಲಿ ಬಿಗಿದು ಐಸ್ ನೀರಿನ ಲೋಟಕ್ಕೆ ಹಾಕಿದರು. ತೆಗೆದು ಕ್ಲ್ಯಾಂಪ್ ಬಿಚ್ಚಿದಾಗ ರಬ್ಬರ್ ಕೂಡಲೇ ಮೊದಲಿನ ಆಕಾರಕ್ಕೆ ಬರಲಿಲ್ಲ. ಥಯೋಕಾಲ್‌ನ ಪರೀಕ್ಷೆಗಳೂ ಇದನ್ನೇ ಹೇಳಿದ್ದವು: 38 ಡಿಗ್ರಿಯಲ್ಲಿ ರಿಂಗ್ ಲೋಹವನ್ನು ಬಿಡಲೇ ಇಲ್ಲ, 24ರಲ್ಲಿ 2.4 ಸೆಕೆಂಡ್ ಬಿಟ್ಟಿತು, 10ರಲ್ಲಿ ಹತ್ತು ನಿಮಿಷವಾದರೂ ವಾಪಸ್ ತಾಗಲಿಲ್ಲ. ಬೇಕಿದ್ದದ್ದು 0.6 ಸೆಕೆಂಡ್.

ನೀವೂ ಮಾಡಿ ನೋಡಬಹುದು. ಆಯಿಲ್ ಸೀಲ್ ಅಂಗಡಿಯಲ್ಲಿ ವೈಟನ್ (ಬೂಸ್ಟರ್ ರಿಂಗಿನ ಜಾತಿಯ ರಬ್ಬರ್) ರಿಂಗ್ ಅಂತಲೇ ಕೇಳಿ ತಗೊಳ್ಳಿ. ಸಾಮಾನ್ಯ ನೈಟ್ರೈಲ್ ರಿಂಗ್ ಐಸ್ ನೀರಿನ ಚಳಿಗೆ ಅಷ್ಟು ಸೋಲೋದಿಲ್ಲ. ಕಲಬುರಗಿಯ ಮೇ ತಿಂಗಳ ಬಿಸಿಲಲ್ಲಿ ಒಂದು ತುಂಡು, ಐಸ್ ನೀರಲ್ಲಿ ಒಂದು ತುಂಡು ಇಟ್ಟು ಎರಡನ್ನೂ ಒಟ್ಟಿಗೆ ಬಿಚ್ಚಿ. ಇಷ್ಟೇ ಸಾಕು. ಒತ್ತಡ ತುಂಬಿದ ಪೈಪ್ ಅಥವಾ ಸಿಲಿಂಡರ್ ಮೇಲೆ ಇಂಥ ಪ್ರಯೋಗ ಯಾವತ್ತೂ ಬೇಡ.

ರಿಪೇರಿ ಆದ ಮೇಲೆ ಅದೇ ದೋಷ ಮತ್ತೆ ಬಂದರೆ

ಭಾಗ ಸರಿಮಾಡೋದು ಬೇಗ ಆಗುತ್ತದೆ. ಜಾಯಿಂಟ್‌ಗೆ ಮೂರನೇ ರಿಂಗ್, ಬಾಯಿ ಬಿಡದಂತೆ ಹಿಡಿಯುವ ತುಟಿ, ಹೀಟರ್ ಎಲ್ಲ ಬಂತು. ಸಹಿ ಹಾಕದ ಮೆಕ್‌ಡೊನಾಲ್ಡ್‌ ಅವರೇ ಆ ಕೆಲಸದ ಮುಂದಾಳಾದರು. 1988ರ ಸೆಪ್ಟೆಂಬರ್ 29ಕ್ಕೆ ಡಿಸ್ಕವರಿ ಷಟಲ್ ಹಾರಿ ಸುರಕ್ಷಿತವಾಗಿ ಇಳಿಯಿತು. ಆ ಜಾಯಿಂಟ್ ಮತ್ತೆ ಯಾರನ್ನೂ ಕೊಲ್ಲಲಿಲ್ಲ.

ತೀರ್ಮಾನ ಮಾಡುವ ರೀತಿ ಮಾತ್ರ ಹಳೇ ಜಾಡಿಗೇ ಬಂತು. 2003ರ ಜನವರಿ 16ರಂದು ಕೊಲಂಬಿಯಾ ಷಟಲ್ ಮೇಲೇರುವಾಗ ಇಂಧನ ಟ್ಯಾಂಕಿನ ಫೋಮ್ ತುಂಡು ಎಡ ರೆಕ್ಕೆಗೆ ಬಡಿಯಿತು. ಫೋಮ್ ಬೀಳೋದು ಹಿಂದಿನಿಂದಲೂ ಇತ್ತು, ದೊಡ್ಡ ಅನಾಹುತ ಆಗಿರಲಿಲ್ಲ. ಕಕ್ಷೆಯಲ್ಲಿರುವಾಗ ರೆಕ್ಕೆಯ ಫೋಟೋ ತೆಗೆಸಿ ಅಂತ ಎಂಜಿನಿಯರುಗಳು ಮೂರು ಸಲ ಕೇಳಿದರು, ಫೋಟೋ ಬರಲಿಲ್ಲ. ಮತ್ತೆ ಅಪಾಯವನ್ನು ಸಾಬೀತು ಮಾಡಬೇಕಾದವರು ಅವರೇ ಆಗಿದ್ದರು, ಸಾಬೀತು ಮಾಡಲು ಬೇಕಾದ ಫೋಟೋ ಮಾತ್ರ ಕೊಡಲಿಲ್ಲ. ಫೆಬ್ರವರಿ 1ರಂದು ವಾಪಸ್ ಬರುವಾಗ ಏಳು ಜನ ಹೋದರು. ನಮ್ಮ ಕಲ್ಪನಾ ಚಾವ್ಲಾ ಅವರಲ್ಲಿ ಒಬ್ಬರು.

ಹಾಗಾಗಿ ಭಾಗ ಬದಲಿಸಿದ ಆರು ತಿಂಗಳಿಗೆ ಒಮ್ಮೆ ಹಾಳೆ ಮತ್ತೆ ತೆಗೆಯಿರಿ. ಬೇರೆ ಯಂತ್ರ, ಬೇರೆ ವಿಭಾಗ ತಗೊಂಡು ಮೊದಲ ಲಕ್ಷಣದಿಂದ ನೋಡಿ.

ಯಾವಾಗ ನಿಲ್ಲಿಸಿ ಸಹಾಯ ಕೇಳಬೇಕು

ಹುಡುಕುತ್ತಾ ಹೋದಾಗ ಈಗಲೂ ಓಡುತ್ತಿರುವ ಯಂತ್ರದಲ್ಲಿ ಅದೇ ಅಪಾಯ ಕಂಡರೆ ಆ ಗಳಿಗೆಯಲ್ಲೇ ನಿಲ್ಲಿಸಿ. ವರದಿ ಮುಗಿಯಲಿ ಅಂತ ಕಾಯಬೇಡಿ. ಬಾಯ್ಲರ್, ಒತ್ತಡದ ಪಾತ್ರೆ, ವಿಷಾನಿಲ, ಸಿಮೆಂಟ್ ಪ್ರಿಹೀಟರ್‌ನ ಬಿಸಿ ಪುಡಿ, ಇವುಗಳ ವಿಷಯದಲ್ಲಿ ಒಳಗಿನವರೇ ತನಿಖೆ ಮುಗಿಸೋದು ಸರಿಯಲ್ಲ. ಸಾವು ಅಥವಾ ದೊಡ್ಡ ಗಾಯ ಆಗಿದ್ದರೆ ಕಾನೂನು ಪ್ರಕಾರ ತಿಳಿಸಬೇಕಾದವರಿಗೆ ತಿಳಿಸಲೇಬೇಕು. ತನಿಖೆ ಮಾಡುವವರೇ ಆ ಸಭೆಯಲ್ಲಿ ಕುಳಿತಿದ್ದರೆ ಅವರು ಬದಿಗೆ ಸರಿಯಬೇಕು.

ದಾಖಲೆ ತಿದ್ದಿದ್ದು ಕಂಡರೆ, ಅಥವಾ ಮಾತಾಡಿದ ಕೆಲಸಗಾರನನ್ನು, ಅದರಲ್ಲೂ ಕಾಂಟ್ರಾಕ್ಟ್ ಮೇಲೆ ಬಂದವನನ್ನು, ಕೆಲಸದಿಂದ ತೆಗೆಯುವ ಮಾತು ಬಂದರೆ, ಒಬ್ಬರೇ ಮುಂದೆ ಹೋಗಬೇಡಿ. ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯ ಕಚೇರಿಗೆ ಲಿಖಿತವಾಗಿ ಕೊಡಿ. ಗಣಿಯಾಗಿದ್ದರೆ ಗಣಿ ಸುರಕ್ಷತೆಯ ಮಹಾನಿರ್ದೇಶನಾಲಯಕ್ಕೆ. ಹೋಗುವಾಗ ಎರಡು ಕಾಲಂ ಹಾಳೆ, ಗ್ರಾಫ್, ಲಾಗ್‌ಬುಕ್ ಪುಟಗಳ ಪ್ರತಿ, ಸಭೆಯಲ್ಲಿದ್ದವರ ಪಟ್ಟಿ ಜೊತೆಗಿರಲಿ. ಇನ್ನೊಂದು ಪ್ರತಿ ಮನೆಯಲ್ಲಿಟ್ಟುಕೊಳ್ಳಿ. ಅರ್ಜಿ ಕೊಟ್ಟದ್ದಕ್ಕೆ ತಾರೀಖು, ಸೀಲು ಹಾಕಿಸಿಕೊಂಡೇ ಬನ್ನಿ.